4111 1111 1111 1111: ಒಂದು ಟೆಸ್ಟ್ ಕಾರ್ಡಿನ ಹಿಂದಿನ ಚರಿತ್ರೆ

ಭಾಗ 1

ಪೇಮೆಂಟ್ ಗೇಟ್‌ವೇ ಜೋಡಿಸೋರೆಲ್ಲ ಒಂದಲ್ಲ ಒಂದು ದಿನ ಟೈಪ್ ಮಾಡೋ ನಂಬರ್ ಇದು. 4, ಆಮೇಲೆ ಹದಿನೈದು ಒಂದು. ಎಕ್ಸ್‌ಪೈರಿಗೆ ಮುಂದಿನ ಯಾವುದೋ ವರ್ಷ, ಸಿವಿವಿ 123. ಬಟನ್ ಒತ್ತಿದ ತಕ್ಷಣ 'ಪೇಮೆಂಟ್ ಸಕ್ಸಸ್'. ದುಡ್ಡು ಯಾರ ಜೇಬಿಂದಲೂ ಹೋಗಿಲ್ಲ, ಯಾರ ಖಾತೆಗೂ ಬಂದಿಲ್ಲ, ಆದ್ರೂ ಸ್ಕ್ರೀನ್ ಮೇಲೆ ಹಸಿರು ಟಿಕ್ ಬಂದಿದೆ.

ಈಗ ಫೆಸ್ಟ್ ಸೀಸನ್. ಟಿಕೆಟ್ ಸೈಟ್ ಕಟ್ತಿರೋ ಜೂನಿಯರ್ಸ್ ಕೇಳ್ತಿರೋದು ಒಂದೇ ಪ್ರಶ್ನೆ: ಲಾಂಚಿಗೆ ಮುಂಚೆ ಬರೋ ಈ ಎರರ್‌ಗಳನ್ನ ಓದೋದು ಹೇಗೆ? ಯಾವ ಎರರ್‌ಗೆ ಏನು ಮಾಡ್ಬೇಕು ಅನ್ನೋದು ಡಾಕ್ಯುಮೆಂಟೇಶನ್‌ನಲ್ಲಿ ಸಿಗುತ್ತೆ. ಆ ಎರರ್‌ಗಳು ಯಾಕೆ ಹಾಗಿವೆ ಅನ್ನೋದು ಅಲ್ಲಿಲ್ಲ. ಅದಕ್ಕೆ ಎಪ್ಪತ್ತು ವರ್ಷ ಹಿಂದೆ ಹೋಗ್ಬೇಕು. ಈ ಸಲದ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡಿಟ್ಕೊಂಡು ಓದಿ.

ಭಾಗ 2

ಹಾನ್ಸ್ ಪೀಟರ್ ಲೂನ್ ಹುಟ್ಟಿದ್ದು 1896ರಲ್ಲಿ, ಜರ್ಮನಿಯ ಬಾರ್ಮೆನ್‌ನಲ್ಲಿ. ಮೊದಲು ಬಟ್ಟೆ ಉದ್ಯಮದಲ್ಲಿದ್ದವರು. ಬಟ್ಟೆಯಲ್ಲಿ ಎಳೆ ಎಷ್ಟಿದೆ ಅಂತ ಎಣಿಸೋಕೆ ಒಂದು ಅಳತೆಪಟ್ಟಿ ಕಂಡುಹಿಡಿದಿದ್ರು. ಆಮೇಲೆ ಅಮೆರಿಕದಲ್ಲಿ ಐಬಿಎಂ ಸೇರಿದ್ರು. 1954ರ ಜನವರಿಯಲ್ಲಿ ಅವರು ಪೇಟೆಂಟಿಗೆ ಹಾಕಿದ ಅರ್ಜಿ ಒಂದು ಕೈಯಲ್ಲಿ ಹಿಡಿಯೋ ಯಂತ್ರದ್ದು. ನಂಬರ್ ಸರಿಯಾಗಿ ಬರ್ಕೊಂಡಿದೀರಾ ಅಂತ ಅದು ಪರೀಕ್ಷೆ ಮಾಡುತ್ತೆ. ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಆಗ ಗುಮಾಸ್ತರು ಖಾತೆ ನಂಬರುಗಳನ್ನ ಕೈಯಲ್ಲಿ ನಕಲು ಮಾಡ್ತಿದ್ರು. ಒಂದಂಕಿ ತಪ್ಪಿದ್ರೆ ದುಡ್ಡು ಬೇರೆಯವರ ಖಾತೆಗೆ ಹೋಗ್ತಿತ್ತು.

ಲೆಕ್ಕ ಸುಲಭ, ಪೇಪರ್ ತಗೊಂಡು ನೀವೂ ಮಾಡಿ. ಬಲಗಡೆಯಿಂದ ಶುರು ಮಾಡಿ, ಒಂದು ಬಿಟ್ಟು ಒಂದು ಅಂಕಿಯನ್ನ ಎರಡರಷ್ಟು ಮಾಡಿ. ಎರಡಂಕಿ ಬಂದ್ರೆ ಅವೆರಡನ್ನೂ ಕೂಡಿ. ಕೊನೆಗೆ ಎಲ್ಲ ಸೇರಿಸಿ. ಮೊತ್ತ 10ರಿಂದ ಭಾಗ ಹೋದ್ರೆ ನಂಬರ್ ಸರಿ. ನಮ್ಮ 4111ರಲ್ಲಿ 4 ಎರಡರಷ್ಟಾಗಿ 8, ಏಳು ಒಂದುಗಳು ಎರಡೆರಡಾಗಿ 14, ಉಳಿದ ಎಂಟು ಒಂದುಗಳು ಹಾಗೇ 8. ಒಟ್ಟು 30. ಪಾಸ್. ಸ್ಟ್ರೈಪ್ ಬಳಸಿದವರಿಗೆ ಗೊತ್ತಿರೋ 4242 4242 4242 4242ಕ್ಕೆ ಮೊತ್ತ 80. ಅದೂ ಪಾಸ್.

ಒಂದೇ ಅಂಕಿ ತಪ್ಪಾದ್ರೆ ಈ ಲೆಕ್ಕ ಯಾವಾಗಲೂ ಹಿಡಿಯುತ್ತೆ. ಪಕ್ಕಪಕ್ಕದ ಎರಡಂಕಿ ಅದಲುಬದಲಾದ್ರೂ ಬಹುತೇಕ ಹಿಡಿಯುತ್ತೆ. 09 ಹೋಗಿ 90 ಆದ್ರೆ ಮಾತ್ರ ತಪ್ಪಿಸ್ಕೊಳ್ಳುತ್ತೆ. ಹಾಗಂತ ಆ ನಂಬರಿನ ಕಾರ್ಡ್ ನಿಜವಾಗ್ಲೂ ಇದೆಯಾ, ಅದರಲ್ಲಿ ದುಡ್ಡಿದೆಯಾ ಅನ್ನೋದು ಲೂನ್ ಲೆಕ್ಕಕ್ಕೆ ಗೊತ್ತಾಗೋದೇ ಇಲ್ಲ. ಟೆಸ್ಟ್ ಕಾರ್ಡ್ ಬದುಕಿರೋದೇ ಈ ಸಂದಿಯಲ್ಲಿ. ಮೊದಲ ಬಾಗಿಲು ದಾಟೋಕೆ ಬೇಕಾದ ಲಕ್ಷಣ ಎಲ್ಲ ಇದೆ, ಒಳಗೆ ಖಾತೆ ಮಾತ್ರ ಇಲ್ಲ.

ಸುಮ್ನೆ ಕೈಗೆ ಬಂದ 16 ಅಂಕಿ ಹೊಡೆದು 'ಇನ್‌ವ್ಯಾಲಿಡ್ ಕಾರ್ಡ್ ನಂಬರ್' ಬಂತು, ಗೇಟ್‌ವೇ ಕೆಟ್ಟಿದೆ ಅಂತ ಕೂಗಾಡೋರಿಗೆ ಉತ್ತರ ಇಲ್ಲೇ ಇದೆ. ನಿಮ್ಮ ನಂಬರ್ ಬ್ಯಾಂಕಿನ ತನಕ ಹೋಗೇ ಇಲ್ಲ. ಬ್ರೌಸರಲ್ಲೇ ಲೂನ್ ತಡೆದಿದ್ದಾರೆ.

ಭಾಗ 3

ಈಗ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿಗೆ ಹೋಗೋಣ. 1958ರ ಸೆಪ್ಟೆಂಬರ್. ಬ್ಯಾಂಕ್ ಆಫ್ ಅಮೆರಿಕ ಆ ಊರಿನ ಸುಮಾರು 60,000 ಜನಕ್ಕೆ ಅಂಚೆಯಲ್ಲಿ ಬ್ಯಾಂಕ್‌ಅಮೆರಿಕಾರ್ಡ್ ಕಳಿಸ್ತು. ಯಾರೂ ಅರ್ಜಿ ಹಾಕಿರ್ಲಿಲ್ಲ. ಕವರ್ ಒಡೆದ್ರೆ ಒಳಗೆ ಸಾಲ ಕೊಡೋ ಕಾರ್ಡ್! ಇದರ ಹಿಂದಿದ್ದವರು ಜೋಸೆಫ್ ವಿಲಿಯಮ್ಸ್. ಇದೇ ಕಾರ್ಡ್ ಮುಂದೆ 1976ರಲ್ಲಿ ವೀಸಾ ಅಂತ ಹೆಸರು ಬದಲಿಸ್ಕೊಳ್ತು.

ಫ್ರೆಸ್ನೋ ಅನ್ನೋದೇ ಒಂದು ಟೆಸ್ಟ್ ಮೋಡ್. ಊರು ತೀರಾ ದೊಡ್ಡದಲ್ಲ, ಅಲ್ಲಿನ ಕುಟುಂಬಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಆ ಬ್ಯಾಂಕಿನ ಜೊತೆ ಮೊದಲೇ ವ್ಯವಹಾರ ಇತ್ತು. ಕೆಟ್ಟುಹೋದ್ರೂ ದೊಡ್ಡ ಪೇಟೆಗಳಿಗೆ ಸುದ್ದಿ ಅಷ್ಟಾಗಿ ತಲುಪಲ್ಲ ಅನ್ನೋ ಲೆಕ್ಕಾಚಾರವೂ ಇತ್ತು. ಟೆಸ್ಟ್ ಚೆನ್ನಾಗೇ ನಡೀತು. ಜನ ಕಾರ್ಡ್ ಬಳಸಿದ್ರು, ಅಂಗಡಿಯವರು ತಗೊಂಡ್ರು. ಅಷ್ಟರಲ್ಲಿ ಇನ್ನೊಂದು ಬ್ಯಾಂಕೂ ಕಾರ್ಡ್ ತರ್ತಿದೆ ಅನ್ನೋ ಸುದ್ದಿ ಬಂತು. ಬ್ಯಾಂಕ್ ಆಫ್ ಅಮೆರಿಕ ಅವಸರಕ್ಕೆ ಬಿತ್ತು. ಸುಮಾರು ಒಂದು ವರ್ಷದೊಳಗೆ ರಾಜ್ಯದ ತುಂಬ 20 ಲಕ್ಷ ಕಾರ್ಡ್ ಹಂಚಿಬಿಟ್ರು.

ಆಮೇಲೆ ನೋಡಿ ಶುರುವಾಯ್ತು. ಸಾಲ ಸರಿಯಾಗಿ ಕಟ್ಟದೇ ಇರೋರು 4% ಇರ್ಬಹುದು ಅಂತ ಅಂದಾಜಿತ್ತು, ಬಂದಿದ್ದು 22%. ಲಾಸ್ ಏಂಜಲೀಸ್ ಕಡೆ ಕಾರ್ಡ್ ಕಳ್ಳತನ ಒಂದು ದಂಧೆಯೇ ಆಯ್ತು. ಅಧಿಕೃತವಾಗಿ ಒಪ್ಪಿಕೊಂಡ ನಷ್ಟ 88 ಲಕ್ಷ ಡಾಲರ್. ವಿಲಿಯಮ್ಸ್ 1959ರ ಕೊನೆಗೆ ಬ್ಯಾಂಕ್ ಬಿಟ್ರು. ಪಾಪ, ಕಾರ್ಡ್ ಲಾಭ ತರೋಕೆ ಶುರು ಮಾಡಿದ್ದು ಅವರು ಹೋದ ಮೇಲೆ.

ನನಗನ್ನಿಸೋದು, ಫ್ರೆಸ್ನೋದಲ್ಲಿ ಕೇಳಿದ ಪ್ರಶ್ನೆಯೇ ಅರ್ಧ ಆಗಿತ್ತು. 'ಜನ ಇದನ್ನ ಬಳಸ್ತಾರಾ?' ಅಂತ ಕೇಳಿದ್ರು. 'ದುಡ್ಡು ಬರದೇ ಇದ್ರೆ ನಾವೇನು ಮಾಡ್ತೀವಿ, ಕಾರ್ಡ್ ಕಳುವಾದ್ರೆ ಯಾರಿಗೆ ಗೊತ್ತಾಗುತ್ತೆ?' ಅಂತ ಟೆಸ್ಟ್ ಮಾಡ್ಲೇ ಇಲ್ಲ. 4111 ಹೊಡೆದು ಹಸಿರು ಟಿಕ್ ನೋಡಿ ಲೈವ್ ಮಾಡೋ ನಮ್ಮ ಸೈಟುಗಳೂ ಕೇಳೋದು ಆ ಮೊದಲ ಪ್ರಶ್ನೆ ಮಾತ್ರ. ಸೋಲೋ ಕಾರ್ಡುಗಳನ್ನೂ ಗೇಟ್‌ವೇಗಳು ಕೊಟ್ಟಿವೆ. ಸ್ಟ್ರೈಪ್‌ನ ಟೆಸ್ಟ್ ಮೋಡಲ್ಲಿ 4000 0000 0000 0002 ಹಾಕಿದ್ರೆ ಸುಮ್ನೆ ತಿರಸ್ಕಾರ, 4000 0000 0000 9995 ಹಾಕಿದ್ರೆ 'ಖಾತೆಯಲ್ಲಿ ದುಡ್ಡಿಲ್ಲ'. ಬೆಂಗಳೂರಿನ ರೇಜರ್‌ಪೇ ಟೆಸ್ಟ್ ಮೋಡಲ್ಲಿ ಯುಪಿಐಗೆ 'ಸಕ್ಸಸ್' ಅನ್ನೋ ಐಡಿ ಇದ್ದ ಹಾಗೆ 'ಫೈಲ್ಯೂರ್' ಅನ್ನೋ ಐಡಿಯೂ ಇದೆ. ಈ ಎರಡನೇ ಗುಂಪನ್ನ ಮುಟ್ಟೋರು ತೀರಾ ಕಮ್ಮಿ.

ಭಾಗ 4

'ಡು ನಾಟ್ ಆನರ್'. ಟೆಸ್ಟಿಂಗಲ್ಲಿ ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನೋ ಎರರ್ ಇದು. ಕೋಡ್ 05. ಗೌರವಿಸಬೇಡಿ ಅಂದ್ರೆ ಏನರ್ಥ? ಯಾರನ್ನ?

ಹಳೇ ಕಾಲದ ಅಂಗಡಿ ನೆನಪು ಮಾಡ್ಕೊಳ್ಳಿ. ಕಾರ್ಡನ್ನ ಒಂದು ಕಬ್ಬಿಣದ ಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಚೀಟಿ ಇಟ್ಟು ಎಳೆದ್ರೆ ಉಬ್ಬಿದ ಅಂಕಿಗಳು ಚೀಟಿ ಮೇಲೆ ಮೂಡ್ತಿದ್ವು. ಒಂದು ಮಿತಿಗಿಂತ ಕಮ್ಮಿ ಮೊತ್ತ ಆದ್ರೆ ಯಾರನ್ನೂ ಕೇಳ್ಬೇಕಿರ್ಲಿಲ್ಲ. ಜಾಸ್ತಿ ಆದ್ರೆ ಅಂಗಡಿಯವನು ತನ್ನ ಬ್ಯಾಂಕಿಗೆ ಫೋನ್ ಮಾಡ್ಬೇಕು, ಆ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡ್ಬೇಕು. ಗಿರಾಕಿ ಅಲ್ಲೇ ನಿಂತಿರ್ತಾನೆ. 1973ರಲ್ಲಿ ಡೀ ಹಾಕ್ ನೇತೃತ್ವದ ಸಂಸ್ಥೆ (ಮುಂದೆ ವೀಸಾ ಆಗಿದ್ದು ಇದೇ) ಈ ಕೆಲಸವನ್ನ ಕಂಪ್ಯೂಟರ್ ಜಾಲಕ್ಕೆ ಹಾಕ್ತು. ನಿಮಿಷಗಟ್ಟಲೆ ಹಿಡೀತಿದ್ದ ಅನುಮತಿ ಒಂದು ನಿಮಿಷದೊಳಗೆ ಬರೋಕೆ ಶುರುವಾಯ್ತು.

1987ರಲ್ಲಿ ಐಎಸ್ಒ 8583 ಅನ್ನೋ ಮಾನದಂಡ ಪ್ರಕಟವಾಯ್ತು. ಕಾರ್ಡ್ ಯಂತ್ರ ಮತ್ತು ಬ್ಯಾಂಕ್ ಯಾವ ಭಾಷೆಯಲ್ಲಿ ಮಾತಾಡ್ಬೇಕು ಅನ್ನೋದಕ್ಕೆ ಅದೇ ವ್ಯಾಕರಣ. 0100 ಅಂದ್ರೆ 'ಈ ದುಡ್ಡಿಗೆ ಅನುಮತಿ ಕೊಡ್ತೀರಾ?', 0110 ಅಂದ್ರೆ ಅದಕ್ಕೆ ಉತ್ತರ. ಉತ್ತರದ 39ನೇ ಜಾಗದಲ್ಲಿ ಎರಡಕ್ಷರದ ತೀರ್ಪು. 00 ಅಂದ್ರೆ ಒಪ್ಪಿಗೆ, 14 ಅಂದ್ರೆ ಅಂಥ ಕಾರ್ಡೇ ಇಲ್ಲ, 51 ಅಂದ್ರೆ ದುಡ್ಡು ಸಾಲಲ್ಲ, 54 ಅಂದ್ರೆ ಕಾರ್ಡಿನ ಅವಧಿ ಮುಗಿದಿದೆ, 91 ಅಂದ್ರೆ ಕಾರ್ಡ್ ಕೊಟ್ಟ ಬ್ಯಾಂಕಿನ ಕಂಪ್ಯೂಟರ್ ಕೈಗೆ ಸಿಗ್ತಿಲ್ಲ. 05 ಅಂದ್ರೆ ಕಾರ್ಡ್ ಕೊಟ್ಟ ಬ್ಯಾಂಕ್ 'ಬೇಡ' ಅಂದಿದೆ, ಯಾಕೆ ಅಂತ ಹೇಳೋಕೆ ಇಷ್ಟ ಇಲ್ಲ. ಅಷ್ಟೇ. ಹುಡುಗಿ ಮನೆಯವರು 'ಜಾತಕ ಕೂಡಿಬರ್ಲಿಲ್ಲ' ಅಂದ ಹಾಗೆ, ಕಾರಣ ಒಳಗೇ ಉಳ್ಕೊಳ್ಳುತ್ತೆ.

ಎರರ್ ಬಂದಾಗ ನಾನು ಮೊದಲು ಕೇಳೋ ಪ್ರಶ್ನೆ ಇಷ್ಟೇ: ಬೇಡ ಅಂದವರು ಯಾರು? ನಿಮ್ಮ ಬ್ರೌಸರಾ, ನಿಮ್ಮ ಸರ್ವರಾ, ಗೇಟ್‌ವೇನಾ, ಬ್ಯಾಂಕಾ? ಕೀ ತಪ್ಪಿದೆ, ಸಹಿ ಹೊಂದ್ತಿಲ್ಲ, ಆರ್ಡರ್ ಐಡಿ ಇಲ್ಲ ಅನ್ನೋವೆಲ್ಲ ಗೇಟ್‌ವೇ ಬಾಗಿಲಲ್ಲೇ ಬರೋ ಜಗಳ. ನಿಮ್ಮ ಕೋಡ್ ತಿದ್ದಿದ್ರೆ ಮುಗೀತು. 05, 51, 91 ಅನ್ನೋವು ಬ್ಯಾಂಕಿನ ಮಾತು. ಅದಕ್ಕೆ ಕೋಡ್ ತಿದ್ದಿ ಪ್ರಯೋಜನ ಇಲ್ಲ, ಗಿರಾಕಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು. ಮತ್ತೆ ಟೆಸ್ಟ್ ಕೀ ಜೊತೆ ಟೆಸ್ಟ್ ಕಾರ್ಡ್, ಲೈವ್ ಕೀ ಜೊತೆ ನಿಜವಾದ ಕಾರ್ಡ್. ಇವೆರಡು ಅದಲುಬದಲಾಗಿ ಎಷ್ಟು ರಾತ್ರಿಗಳು ಹಾಳಾಗಿವೆಯೋ ದೇವರಿಗೇ ಗೊತ್ತು.

ಕಾರ್ಬನ್ ಚೀಟಿ ಕಾಲದ ಇನ್ನೊಂದು ಪಳೆಯುಳಿಕೆ ಇವತ್ತೂ ನಿಮ್ಮ ಡ್ಯಾಶ್‌ಬೋರ್ಡಲ್ಲಿದೆ. 'ಆಥರೈಸ್ಡ್' ಬೇರೆ, 'ಕ್ಯಾಪ್ಚರ್ಡ್' ಬೇರೆ. ಫೋನಲ್ಲಿ ಅನುಮತಿ ಸಿಗೋದು ಒಂದು ಹೆಜ್ಜೆ, ಚೀಟಿಯನ್ನ ಬ್ಯಾಂಕಿಗೆ ಒಯ್ದು ದುಡ್ಡು ಪಡೆಯೋದು ಇನ್ನೊಂದು ಹೆಜ್ಜೆ. ಅನುಮತಿ ಸಿಕ್ಕಿ ಕ್ಯಾಪ್ಚರ್ ಮಾಡ್ದೇ ಬಿಟ್ರೆ ಅವಧಿ ಮುಗಿದ ಮೇಲೆ ದುಡ್ಡು ಗಿರಾಕಿಗೇ ವಾಪಸ್. 'ಪೇಮೆಂಟ್ ಬಂದಿತ್ತು, ಆಮೇಲೆ ಮಾಯ ಆಯ್ತು' ಅನ್ನೋ ದೂರಿಗೆ ಬಹಳ ಸಲ ಕಾರಣ ಇದೇ.

ಭಾಗ 5

ಎಕ್ಸ್‌ಪೈರಿ ತಾರೀಖಿನ ಕತೆಗೆ ಒಂದು ಭಾಗ ಪೂರ್ತಿ ಕೊಡ್ಲೇಬೇಕು.

ಅಮೆರಿಕದ ಮಿಶಿಗನ್ ರಾಜ್ಯದ ವಾರೆನ್ ಊರಲ್ಲಿ ಪ್ರೊಡ್ಯೂಸ್ ಪ್ಯಾಲೆಸ್ ಅನ್ನೋ ತರಕಾರಿ-ದಿನಸಿ ಅಂಗಡಿ. ಹೊಸ ಕ್ಯಾಶ್ ರಿಜಿಸ್ಟರ್ ಹಾಕಿಸಿದ್ರು. ಕಾರ್ಡಿನ ಅವಧಿ 2000ದಲ್ಲಿ ಮುಗಿಯೋ ಗಿರಾಕಿ ಬಂದು ಕಾರ್ಡ್ ಎಳೆದ್ರೆ ಇಡೀ ಅಂಗಡಿಯ ವ್ಯವಸ್ಥೆಯೇ ಕುಸಿದುಬೀಳ್ತಿತ್ತು. ಎರಡಂಕಿಯ ವರ್ಷದಲ್ಲಿ '00' ಅನ್ನೋದು ಯಂತ್ರಕ್ಕೆ ಅರ್ಥ ಆಗ್ತಿರ್ಲಿಲ್ಲ. ತರಕಾರಿ ಹಿಡ್ಕೊಂಡ ಸಾಲು ಬಾಗಿಲ ತನಕ! 1997ರಲ್ಲಿ ಅಂಗಡಿಯವರು ಯಂತ್ರ ಕೊಟ್ಟ ಕಂಪನಿ ಮೇಲೆ ಕೇಸ್ ಹಾಕಿದ್ರು. 'ವೈ2ಕೆ' ಬಗ್ಗೆ ಹೂಡಿದ ಮೊದಲ ಕೇಸ್ ಅಂತ ಅದು ಹೆಸರಾಯ್ತು. ಮಾರನೇ ವರ್ಷ 2,50,000 ಡಾಲರಿಗೆ ರಾಜಿ ಆಯ್ತು.

1999ರ ಡಿಸೆಂಬರ್ 28ಕ್ಕೆ ಬ್ರಿಟನ್ನಲ್ಲಿ ಸಾವಿರಾರು ಕಾರ್ಡ್ ಯಂತ್ರಗಳು ಕೈಕೊಟ್ಟವು. ಹೊಸ ವರ್ಷಕ್ಕೆ ಇನ್ನೂ ನಾಲ್ಕು ದಿನ ಇತ್ತು. ಆದ್ರೆ ಆ ಯಂತ್ರಗಳು ನಾಲ್ಕು ದಿನ ಮುಂದಿನ ತಾರೀಖನ್ನ ನೋಡ್ತಿದ್ವು, ಹಾಗಾಗಿ 2000 ಅವಕ್ಕೆ ಮೊದಲೇ ಬಂದುಬಿಟ್ಟಿತ್ತು. 2010ರ ಜನವರಿ 1ಕ್ಕೆ ಜರ್ಮನಿಯಲ್ಲಿ ಸುಮಾರು 3 ಕೋಟಿ ಕಾರ್ಡುಗಳ ಚಿಪ್‌ಗೆ '2010' ಅನ್ನೋದು ಅರ್ಥ ಆಗ್ಲಿಲ್ಲ. ವೈ2ಕೆ ಮುಗಿದು ಹತ್ತು ವರ್ಷ ಆದಮೇಲೆ!

ನಿಮ್ಮ ಟೆಸ್ಟಿಗೆ ಇದರಲ್ಲಿರೋ ಕೆಲಸ: ಕಾರ್ಡ್ ಮೇಲೆ ಇರೋ ತಿಂಗಳ ಕೊನೇ ದಿನದ ತನಕ ಅದು ನಡೆಯುತ್ತೆ. ಎಷ್ಟೋ ಫಾರಂಗಳು ಆ ತಿಂಗಳ 1ನೇ ತಾರೀಖಿಗೇ 'ಅವಧಿ ಮುಗಿದಿದೆ' ಅಂತ ಗಿರಾಕಿಯನ್ನ ವಾಪಸ್ ಕಳಿಸ್ತವೆ. ಟೆಸ್ಟ್ ಮಾಡುವಾಗ ಎಲ್ಲರೂ 12/30 ಅಂತ ಆರಾಮಾಗಿ ದೂರದ ತಾರೀಖು ಹೊಡೀತೀವಿ. ಈ ತಿಂಗಳದ್ದೇ ಹಾಕಿ ನೋಡಿ.

ಭಾಗ 6

ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಆಯ್ತು. ಹಳೇ ಮಾತು ಹೋಗ್ಲಿಲ್ಲ, 25 ಪೈಸೆ ನಾಲ್ಕಾಣೆ ಆಗಿಯೇ ಉಳೀತು, 50 ಪೈಸೆ ಎಂಟಾಣೆ. ಆ ನಾಲ್ಕಾಣೆ ನಾಣ್ಯವೂ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯ್ತು. ಪೈಸೆ ಇವತ್ತು ನಿಮ್ಮ ಜೇಬಲ್ಲಿಲ್ಲ.

ಗೇಟ್‌ವೇ ಒಳಗೆ ಮಾತ್ರ ಎಲ್ಲ ಲೆಕ್ಕ ಪೈಸೆಯಲ್ಲೇ! ರೇಜರ್‌ಪೇಗೆ 499 ಅಂತ ಕಳಿಸಿದ್ರೆ ಅದು 499 ರೂಪಾಯಿ ಅಂದ್ಕೊಳ್ಳಲ್ಲ, 4 ರೂಪಾಯಿ 99 ಪೈಸೆ ಅಂತ ತಗೊಳ್ಳುತ್ತೆ. 49900 ಕಳಿಸ್ಬೇಕು. ಟೆಸ್ಟ್ ಮೋಡಲ್ಲಿ ಇದು ಎರರೇ ಕೊಡಲ್ಲ, ಹಸಿರು ಟಿಕ್ ಬರುತ್ತೆ. ಅದಕ್ಕೇ ಇದು ಎಲ್ಲಕ್ಕಿಂತ ಅಪಾಯ. ಲೈವ್ ಆದ್ಮೇಲೆ 499ರ ಟಿಕೆಟ್ 4.99ಕ್ಕೆ ಮಾರಾಟ ಆಗ್ತಿರುತ್ತೆ, ಸುದ್ದಿ ವಾಟ್ಸಾಪ್ ಗ್ರೂಪಲ್ಲಿ ನಿಮಗಿಂತ ಮೊದಲು ಊರಿಗೇ ಗೊತ್ತಾಗಿರುತ್ತೆ.

'ಸರಿ, ನೂರರಿಂದ ಗುಣಿಸ್ತೀನಿ' ಅಂದ್ರೆ ಅಲ್ಲೂ ಒಂದು ಗುಂಡಿ ಇದೆ. ಜಾವಾಸ್ಕ್ರಿಪ್ಟಲ್ಲಿ 19.99ನ್ನ 100ರಿಂದ ಗುಣಿಸಿ ನೋಡಿ. 1999 ಬರಲ್ಲ, 1998.9999999999998 ಬರುತ್ತೆ. ದಶಮಾಂಶ ಕತ್ತರಿಸಿದ್ರೆ ಒಂದು ಪೈಸೆ ಹೋಯ್ತು, ಸಂಜೆ ಲೆಕ್ಕ ಕೂಡಲ್ಲ. ದುಡ್ಡನ್ನ ಶುರುವಿನಿಂದಲೇ ಪೈಸೆಯ ಪೂರ್ಣಾಂಕದಲ್ಲಿಡಿ. ಹೊರದೇಶದ ದುಡ್ಡು ತಗೊಳ್ಳೋರು ಇನ್ನೂ ಹುಷಾರು. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತಿನ ದಿನಾರಿಗೆ ಮೂರು ಸ್ಥಾನ.

ಭಾಗ 7

ಈಗ ನಮ್ಮ ದೇಶದ ಕತೆ. 2002ರ ಆಗಸ್ಟಲ್ಲಿ ಐಆರ್‌ಸಿಟಿಸಿ ಆನ್‌ಲೈನ್ ಟಿಕೆಟ್ ಶುರು ಮಾಡ್ತು. ಆಗ ಕಾರ್ಡ್ ಮೇಲಿನ ಅಂಕಿಗಳು ಗೊತ್ತಿದ್ರೆ ಯಾರು ಬೇಕಾದ್ರೂ ಆನ್‌ಲೈನಲ್ಲಿ ಖರ್ಚು ಮಾಡ್ಬಹುದಿತ್ತು. 2009ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸ್ತು: ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡ್ ಮೇಲೆ ಅಚ್ಚಾಗಿರದ ಇನ್ನೊಂದು ಗುಟ್ಟು ಬೇಕೇ ಬೇಕು. ಪಾಸ್‌ವರ್ಡ್ ಬಂತು, ಆಮೇಲೆ ಓಟಿಪಿ. ಅಂಗಡಿಯವರು 'ಗಿರಾಕಿ ಅರ್ಧದಲ್ಲೇ ಬಿಟ್ಟುಹೋಗ್ತಾನೆ' ಅಂತ ಗೊಣಗಿದ್ರು. ನನ್ನ ಪ್ರಕಾರ ಆದೇಶ ಸರಿಯಾಗೇ ಇತ್ತು, ಕದ್ದ ಅಂಕಿ ಇಟ್ಕೊಂಡು ಏನೂ ಮಾಡೋಕಾಗದ ಹಾಗಾಯ್ತು.

ಆದ್ರೆ ಇದರಿಂದ ದಾರಿ ಉದ್ದ ಆಯ್ತು. ಗಿರಾಕಿ ನಿಮ್ಮ ಸೈಟ್ ಬಿಟ್ಟು ಬ್ಯಾಂಕಿನ ಪುಟಕ್ಕೆ ಹೋಗ್ತಾನೆ, ಗುಟ್ಟು ಹೇಳ್ತಾನೆ, ವಾಪಸ್ ಬರ್ತಾನೆ. ವಾಪಸ್ ಬರುವಾಗ ನೆಟ್ ಹೋದ್ರೆ? ಮೊಬೈಲ್ ಬ್ಯಾಟರಿ ಸತ್ರೆ? ಬ್ಯಾಂಕಲ್ಲಿ ದುಡ್ಡು ಕಟ್ ಆಗಿದೆ, ನಿಮಗೆ ಸುದ್ದಿ ಬಂದಿಲ್ಲ. 'ದಯವಿಟ್ಟು ಬ್ಯಾಕ್ ಅಥವಾ ರಿಫ್ರೆಶ್ ಒತ್ತಬೇಡಿ' ಅನ್ನೋ ಭಯದ ಸಾಲು ಇಡೀ ಒಂದು ತಲೆಮಾರು ಓದ್ಕೊಂಡು ಬೆಳೆದಿದ್ದು ಇದಕ್ಕೇ.

ಬ್ಯಾಂಕಿನವರು ಈ ಸಮಸ್ಯೆಯನ್ನ ಮೊದಲೇ ಕಂಡಿದ್ರು. ಐಎಸ್ಒ 8583ರಲ್ಲಿ 0400 ಅನ್ನೋ ಸಂದೇಶ ಇದೆ, ರಿವರ್ಸಲ್. ಉತ್ತರ ಬರ್ಲಿಲ್ವಾ, ಹಾಗಾದ್ರೆ ಆಗಿದ್ದನ್ನ ರದ್ದು ಮಾಡು ಅಂತ ಅರ್ಥ. ವೆಬ್‌ಗೆ ಬೇರೆ ಉಪಾಯ ಬೇಕಾಯ್ತು. 2007ರಲ್ಲಿ ಜೆಫ್ ಲಿಂಡ್ಸೆ 'ವೆಬ್‌ಹುಕ್' ಅನ್ನೋ ಪದ ತಂದ್ರು. ಗಿರಾಕಿಯ ಬ್ರೌಸರ್ ಮೇಲೆ ಭಾರ ಹಾಕದೆ, ಗೇಟ್‌ವೇನೇ ನೇರವಾಗಿ ನಿಮ್ಮ ಸರ್ವರಿನ ಬಾಗಿಲು ತಟ್ಟಿ 'ಈ ದುಡ್ಡು ಬಂತು' ಅಂತ ಹೇಳೋದು.

ಟೆಸ್ಟಿಂಗಲ್ಲಿ ವೆಬ್‌ಹುಕ್ ಕೈಕೊಡೋ ದಾರಿಗಳು ನನಗೆ ಗೊತ್ತಿರೋ ಮಟ್ಟಿಗೆ ಹೆಚ್ಚಾಗಿ ಮೂರು. ನಿಮ್ಮ ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟಿಗೆ ಹೊರಗಿನಿಂದ ದಾರಿಯೇ ಇಲ್ಲ, ಗೇಟ್‌ವೇ ತಟ್ಟೋದು ಯಾವ ಬಾಗಿಲು? ಟನಲ್ ಹಾಕ್ಬೇಕು. ಎರಡನೇದು ಸಹಿ. ಬಂದ ಸಂದೇಶ ನಿಜವಾಗ್ಲೂ ಗೇಟ್‌ವೇಯದ್ದೇ ಅಂತ ತಿಳಿಯೋಕೆ ಎಚ್‌ಮ್ಯಾಕ್ ಅನ್ನೋ ಸಹಿ ಬರುತ್ತೆ, 1996ರಲ್ಲಿ ಬಂದ ವಿಧಾನ. ನಿಮ್ಮ ಫ್ರೇಮ್‌ವರ್ಕ್ ಸಂದೇಶವನ್ನ ಬಿಚ್ಚಿ, ಮತ್ತೆ ಕಟ್ಟಿ ಕೊಟ್ರೆ ಒಂದು ಖಾಲಿ ಜಾಗ ಬದಲಾದ್ರೂ ಸಹಿ ಹೊಂದಲ್ಲ. ಬಂದ ಹಾಗೇ ಇರೋ ಮೂಲ ಪಠ್ಯದ ಮೇಲೇ ಲೆಕ್ಕ ಹಾಕ್ಬೇಕು. ಮೂರನೇದು, ಒಂದೇ ಸುದ್ದಿ ಎರಡು ಸಲ ಬರ್ಬಹುದು. ನಿಮ್ಮ ಸರ್ವರ್ ಉತ್ತರ ಕೊಡೋಕೆ ತಡ ಮಾಡಿದ್ರೆ ಗೇಟ್‌ವೇ ಮತ್ತೆ ತಟ್ಟುತ್ತೆ. ಒಂದು ಪಾವತಿಗೆ ಎರಡು ಟಿಕೆಟ್ ಹೊರಟ್ರೆ ಕಾರಣ ಇದು. ಪೇಮೆಂಟ್ ಐಡಿ ಬರೆದಿಟ್ಕೊಂಡು, ಕಂಡಿದ್ದೇ ಮತ್ತೆ ಬಂದ್ರೆ ಸುಮ್ನೆ 'ಆಯ್ತು' ಅನ್ನಿ.

ಭಾಗ 8

2016ರ ಏಪ್ರಿಲ್ 11ಕ್ಕೆ ರಘುರಾಮ್ ರಾಜನ್ ಮುಂಬೈಯಲ್ಲಿ ಯುಪಿಐಗೆ ಚಾಲನೆ ಕೊಟ್ರು. ಅದೂ ಮೊದಲು 21 ಬ್ಯಾಂಕುಗಳ ಪ್ರಾಯೋಗಿಕ ಓಟ. ಬ್ಯಾಂಕುಗಳ ಆ್ಯಪುಗಳು ಪ್ಲೇ ಸ್ಟೋರಿಗೆ ಬಂದಿದ್ದು ಆಗಸ್ಟ್ ಕೊನೆಗೆ. ಯುಪಿಐ ಬಂದ್ಮೇಲೆ ಹೊಸ ಸ್ಥಿತಿಯೊಂದು ನಮ್ಮ ಬದುಕಿಗೆ ಬಂತು: ಸಕ್ಸಸ್ಸೂ ಅಲ್ಲ, ಫೇಲೂ ಅಲ್ಲ, 'ಪೆಂಡಿಂಗ್'. ನಿಮ್ಮ ಸೈಟಲ್ಲಿ ಎರಡೇ ಪುಟ ಮಾಡಿಟ್ಟಿದ್ರೆ ಪೆಂಡಿಂಗ್ ಆದವನು ಎಲ್ಲಿಗೆ ಹೋಗ್ಬೇಕು? ಬಹಳಷ್ಟು ಸೈಟುಗಳು ಅವನನ್ನ ಫೇಲ್ ಪುಟಕ್ಕೆ ತಳ್ತವೆ, ಅವನು ಮತ್ತೆ ಕಟ್ತಾನೆ, ಸ್ವಲ್ಪ ಹೊತ್ತಿಗೆ ಎರಡೂ ಪಾಸಾಗುತ್ತೆ.

2019ರ ಸೆಪ್ಟೆಂಬರ್ 20ಕ್ಕೆ ರಿಸರ್ವ್ ಬ್ಯಾಂಕ್ ಇದಕ್ಕೂ ಗಡುವು ಹಾಕ್ತು. ಗಿರಾಕಿಯ ಖಾತೆಯಿಂದ ದುಡ್ಡು ಕಟ್ ಆಗಿ ವ್ಯಾಪಾರಿಗೆ ಖಚಿತ ಆಗದೇ ಇದ್ರೆ, ವ್ಯವಹಾರ ನಡೆದ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಆಗ್ಬೇಕು. ಮೀರಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ. ಗಿರಾಕಿ ದೂರು ಕೊಡೋ ತನಕ ಬ್ಯಾಂಕ್ ಕಾಯೋ ಹಾಗಿಲ್ಲ. ಒಳ್ಳೇ ನಿಯಮ. ಆದ್ರೆ ಪರೀಕ್ಷಾ ಶುಲ್ಕದ ಕೊನೇ ದಿನ, ಖಾತೆಯಲ್ಲಿದ್ದ ಅಷ್ಟೂ ದುಡ್ಡು ಕಟ್ ಆಗಿ ರಸೀತಿ ಬರ್ದೇ ಕೂತ ಹುಡುಗಿಗೆ 5 ದಿನ ಯಾವ ಲೆಕ್ಕಕ್ಕೂ ಬರಲ್ಲ. ಮತ್ತೆ ಕಟ್ಟೋಕೆ ಅವಳ ಹತ್ರ ದುಡ್ಡಿಲ್ಲ. ನೀವು ಬರೆಯೋ ಪೆಂಡಿಂಗ್ ಪುಟ ಓದೋದು ಅವಳೇ. ಅದರಲ್ಲಿ ವ್ಯವಹಾರದ ಐಡಿ, 'ಮತ್ತೆ ಕಟ್ಟಬೇಡಿ, ನಾವು ನೋಡ್ತಿದೀವಿ' ಅನ್ನೋ ಒಂದು ಸಾಲು, ಫೋನ್ ಎತ್ತೋ ಒಬ್ಬ ಮನುಷ್ಯನ ನಂಬರ್ ಇರ್ಲಿ.

ಹಾಗಾಗಿ ಲಾಂಚ್ ಹಿಂದಿನ ರಾತ್ರಿ ನಾನಾದ್ರೆ ಮಾಡೋದು: ಓಟಿಪಿ ಪುಟದಲ್ಲಿ ಟ್ಯಾಬ್ ಮುಚ್ಚೋದು. ಪಾವತಿ ಮುಗಿದು ವಾಪಸ್ ಬರುವಾಗ ಏರೋಪ್ಲೇನ್ ಮೋಡ್ ಹಾಕೋದು. ಪೇ ಬಟನನ್ನ ಟಪಟಪ ಎರಡು ಸಲ ಒತ್ತೋದು. ಒಂದೇ ವೆಬ್‌ಹುಕ್ ಮೂರು ಸಲ ಕಳಿಸೋದು. ಪ್ರತಿ ಸಲ ಡೇಟಾಬೇಸ್ ಮತ್ತು ಗೇಟ್‌ವೇ ಡ್ಯಾಶ್‌ಬೋರ್ಡ್ ಪಕ್ಕಪಕ್ಕ ಇಟ್ಟು ಎರಡೂ ಒಂದೇ ಮಾತು ಹೇಳ್ತಿವೆಯಾ ಅಂತ ನೋಡೋದು. ಆಮೇಲೆ ಲೈವ್ ಕೀ ಹಾಕಿ, ಸ್ವಂತ ಫೋನಿಂದ 1 ರೂಪಾಯಿ ಕಟ್ಟಿ, ಡ್ಯಾಶ್‌ಬೋರ್ಡಿಂದ ರಿಫಂಡ್ ಕೊಟ್ಟು, ಅದು ಖಾತೆಗೆ ಬರೋ ತನಕ ಕಾಯೋದು. ರಿಫಂಡ್ ಬರೋಕೆ ಕೆಲವು ಸಲ ದಿನಗಳೇ ಹಿಡಿಯುತ್ತೆ, ಅದಕ್ಕೆ ಈ ಕೊನೇ ಕೆಲಸ ಮಾತ್ರ ಒಂದು ವಾರ ಮುಂಚೆ ಇಟ್ಕೊಳ್ಳಿ.